ವೈರಾಣುವಿನಿಂದ ಕ್ಯಾನ್ಸರ್ ಚಿಕಿತ್ಸೆ: ಜಮಖಂಡಿಯ ಓದುಗರಿಗೆ ಉತ್ತರ

ಜಮಖಂಡಿ ತಾಲ್ಲೂಕಿನ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಹೀಗಿದೆ. ತಂಬಾಕಿನ ಚಟವಿದ್ದ ಅವರ ಅಣ್ಣನಿಗೆ ಬಾಯಿ ಕ್ಯಾನ್ಸರ್ ಆಗಿ, ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಗಡ್ಡೆ ತೆಗೆದಿದ್ದಾರೆ. ಆಮೇಲೆ 30 ಸಲ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಬೇಕೆಂದು ವೈದ್ಯರು ಹೇಳಿದ್ದು, 12 ಮುಗಿದಿವೆ. ಬಾಯೆಲ್ಲ ಹುಣ್ಣಾಗಿ ಅಣ್ಣ ‘ಇನ್ನು ಸಾಕು’ ಎನ್ನುತ್ತಿರುವಾಗಲೇ, ವೈರಸ್ ಇಂಜೆಕ್ಷನ್ನಿನಿಂದ ಕ್ಯಾನ್ಸರ್ ಗುಣವಾಗುತ್ತದೆಂಬ ವಿಡಿಯೊವನ್ನು ಬಂಧುವೊಬ್ಬರು ತೋರಿಸಿದ್ದಾರೆ. ಇದು ನಿಜವೇ, ನಿಜವಾದರೆ ಕರೆಂಟ್ ನಿಲ್ಲಿಸಿ ಅದನ್ನೇ ಕೊಡಿಸಬಹುದೇ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಕರೆಂಟ್ ನಿಲ್ಲಿಸಬೇಡಿ. ಕತ್ತರಿಗೆ ಸಿಗದೆ ಉಳಿದಿರಬಹುದಾದ ಜೀವಕೋಶಗಳನ್ನು ಕೊಲ್ಲುವುದಕ್ಕಾಗಿಯೇ ಅದನ್ನು ಕೊಡುತ್ತಾರೆ. ನಡುವೆ ಬಿಡುವು ಬಿದ್ದರೆ ಅವು ಆ ಬಿಡುವಿನಲ್ಲಿಯೇ ಮತ್ತೆ ಬೆಳೆದುಕೊಳ್ಳುತ್ತವೆ.

ಇನ್ನು ಮೊದಲ ಪ್ರಶ್ನೆ. ವೈರಾಣು ಚಿಕಿತ್ಸೆ ಎಂಬುದು ನಿಜವಾಗಿಯೂ ಇದೆ. ಅದರ ಹಿಂದಿನ ವಿಚಾರವೂ ಹಳೆಯದು: ರಕ್ತದ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರಿಗೆ ಫ್ಲೂ ಜ್ವರ ಬಂದಾಗ ರೋಗ ಕೆಲಕಾಲ ತಗ್ಗಿತೆಂದು 1904ರಷ್ಟು ಹಿಂದೆಯೇ ಅಮೆರಿಕದ ವೈದ್ಯರು ದಾಖಲಿಸಿದ್ದರು. ಇದನ್ನು ಕೇಳಿ ಜ್ವರ ಬರಿಸಿಕೊಳ್ಳಲು ಯಾರೂ ಹೋಗಬಾರದು. ಆ ಸುಧಾರಣೆ ಬಹುಕಾಲ ನಿಲ್ಲಲಿಲ್ಲ.

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಹೊಲ ಕಾಯುವ ನಾಯಿ ಎಂದುಕೊಳ್ಳಿ. ಹೊರಗಿನವರು ಬಂದರೆ ಅದು ಬೊಗಳುತ್ತದೆ, ಮನೆಯ ಮಗನೇ ಕಳ್ಳನಾದರೆ ಸುಮ್ಮನಿರುತ್ತದೆ. ಕ್ಯಾನ್ಸರ್ ಹುಟ್ಟುವುದು ನಮ್ಮದೇ ಜೀವಕೋಶಗಳಿಂದ. ಆದ್ದರಿಂದ ಅದನ್ನು ಗುರುತಿಸುವುದು ದೇಹಕ್ಕೆ ಕಷ್ಟ. ಆದರೆ ಆ ಕಳ್ಳನಿಗೂ ಒಂದು ಬಲಹೀನತೆ ಇದೆ. ಆರೋಗ್ಯವಂತ ಜೀವಕೋಶದೊಳಗೆ ವೈರಾಣು ಹೊಕ್ಕರೆ ಅದು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಬಿಟ್ಟು ನೆರೆಹೊರೆಯ ಕೋಶಗಳನ್ನು ಎಚ್ಚರಿಸುತ್ತದೆ, ವೈರಾಣುವಿನ ಬೆಳವಣಿಗೆ ಅಲ್ಲಿಗೆ ತಡೆಯಲ್ಪಡುತ್ತದೆ. ಅನೇಕ ಕ್ಯಾನ್ಸರ್ ಕೋಶಗಳು ಅಂಕೆಯಿಲ್ಲದೆ ಬೆಳೆಯುವ ಭರದಲ್ಲಿ ಈ ಎಚ್ಚರಿಕೆಯ ಏರ್ಪಾಡನ್ನೇ ಕಳೆದುಕೊಂಡಿರುತ್ತವೆ. ಹೀಗಾಗಿ ಪಳಗಿಸಿದ ವೈರಾಣು ಅವುಗಳಲ್ಲಿ ಮಾತ್ರ ಸಲೀಸಾಗಿ ಹೆಚ್ಚಿ, ಅವುಗಳನ್ನು ಒಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯ ಜೀವಾಳವಿರುವುದು ಆಮೇಲೆ ನಡೆಯುವುದರಲ್ಲಿ: ಒಡೆದ ಕೋಶದ ಚೂರುಗಳು ಹೊರಗೆ ಚೆಲ್ಲಿದಾಗ, ಅವುಗಳನ್ನು ಹೆಕ್ಕಿದ ಕಾವಲು ಕೋಶಗಳು, ರೋಗದ ಕೋಶಗಳನ್ನು ಹುಡುಕಿ ಕೊಲ್ಲುವ ಟಿ ಕೋಶಗಳಿಗೆ ಗುರುತು ತೋರಿಸುತ್ತವೆ. ಅಲ್ಲಿಂದ ನಾಯಿ ಬೊಗಳತೊಡಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಟಿ-ವೆಕ್ ಎಂಬ ಔಷಧ. ತುಟಿಯ ಮೇಲೆ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಾಣುವಿನಿಂದ ಎರಡು ಜೀನ್‌ಗಳನ್ನು ತೆಗೆದು, ಕಾವಲು ಕೋಶಗಳನ್ನು ಕರೆತರುವ ಒಂದು ಜೀನ್ ಸೇರಿಸಿ ಇದನ್ನು ತಯಾರಿಸಿದ್ದಾರೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಅಮೆರಿಕ 2015ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. 436 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಗಡ್ಡೆ ಕುಗ್ಗಿ ಆರು ತಿಂಗಳಾದರೂ ಹಾಗೆಯೇ ಉಳಿದದ್ದು ಶೇ 16.3 ಮಂದಿಯಲ್ಲಿ; ಹೋಲಿಕೆಯ ಗುಂಪಿನಲ್ಲಿ ಅದು ಶೇ 2.1 ಮಾತ್ರ. ಸೂಜಿ ಚುಚ್ಚದ ಕೆಲವು ಗಂಟುಗಳೂ ಕುಗ್ಗಿದ್ದವು ಎಂಬುದು ನಾನು ಮೇಲೆ ಹೇಳಿದ ಮಾತಿಗೆ ಸಾಕ್ಷಿ. ಆದರೆ ಇದನ್ನು ಇಮ್ಯುನೊಥೆರಪಿಯ (ರೋಗನಿರೋಧಕ ವ್ಯವಸ್ಥೆಯನ್ನು ಚುರುಕುಗೊಳಿಸುವ ಚಿಕಿತ್ಸೆಯ) ಔಷಧ ಪೆಂಬ್ರೊಲಿಝುಮಾಬ್ ಜೊತೆ ಸೇರಿಸಿದರೆ ಫಲ ಇಮ್ಮಡಿಯಾದೀತೆಂದು ಸಣ್ಣ ಪ್ರಯೋಗವೊಂದು ಹುಟ್ಟಿಸಿದ ಆಸೆ, 692 ರೋಗಿಗಳ ದೊಡ್ಡ ಪ್ರಯೋಗದಲ್ಲಿ ಈಡೇರಲಿಲ್ಲ. ವಿಡಿಯೊಗಳು ಈ ಭಾಗವನ್ನು ಹೇಳುವುದಿಲ್ಲ, ಅದಕ್ಕೇ ನನಗೆ ನೋವಾಗುತ್ತದೆ.

ಚೀನಾದಲ್ಲಿ 2005ರಿಂದ ಮೂಗಿನ ಹಿಂಬದಿಯ ಗಂಟಲಿನ ಕ್ಯಾನ್ಸರಿಗೆ ಕಿಮೋ ಜೊತೆಗೆ, ಜಪಾನಿನಲ್ಲಿ 2021ರಿಂದ ಒಂದು ಬಗೆಯ ಮಿದುಳಿನ ಗಡ್ಡೆಗೆ ಷರತ್ತಿನ ಮೇಲೆ, ಇಂಥ ಔಷಧಗಳಿವೆ. ಇವು ಯಾವುವೂ ತಂಬಾಕಿನಿಂದ ಬಂದ ಬಾಯಿ ಕ್ಯಾನ್ಸರಿಗೆ ಒಪ್ಪಿಗೆ ಪಡೆದವಲ್ಲ. ಅದೂ ಅಲ್ಲದೆ ಟಿ-ವೆಕ್ಕನ್ನು ಗಡ್ಡೆಯೊಳಗೇ ಚುಚ್ಚಬೇಕು. ನಿಮ್ಮ ಅಣ್ಣನವರ ಗಡ್ಡೆಯನ್ನು ಈಗಾಗಲೇ ತೆಗೆದಿರುವುದರಿಂದ ಚುಚ್ಚುವ ಜಾಗವೇ ಇಲ್ಲ.

ಮುಂದೆ ಯಾರಾದರೂ ಪ್ರಯೋಗದ ಹೆಸರಿನಲ್ಲಿ ನಿಮ್ಮನ್ನು ಸಂಪರ್ಕಿಸಿದರೆ, ಕ್ಲಿನಿಕಲ್ ಪ್ರಯೋಗಗಳಿಗೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ನಡೆಸುವ ನೋಂದಣಿ ಪಟ್ಟಿಯಲ್ಲಿ ಆ ಪ್ರಯೋಗದ ಸಂಖ್ಯೆ ಏನೆಂದು ಕೇಳಿ. ಸಂಖ್ಯೆ ಕೊಡದೆ ಲಕ್ಷಗಟ್ಟಲೆ ಹಣ ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಅಣ್ಣನವರ ಬಾಯಿಹುಣ್ಣು ಸಹಿಸಿಕೊಂಡೇ ಇರಬೇಕಾದ ನೋವಲ್ಲ. ನಾಳೆ ಕರೆಂಟಿಗೆ ಹೋದಾಗ ಅವರಿಗೆ ನುಂಗುವುದು ಎಷ್ಟು ಕಷ್ಟವಾಗಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ನೋವಿನ ಔಷಧ, ಬಾಯಿ ಮುಕ್ಕಳಿಸುವ ದ್ರವ, ಬೇಕಾದರೆ ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ, ಎಲ್ಲಕ್ಕೂ ಅವರಲ್ಲಿ ಏರ್ಪಾಡಿರುತ್ತದೆ. ಆ ವರೆಗೆ ಖಾರವಿಲ್ಲದ ತೆಳು ಜೋಳದ ಅಂಬಲಿ, ತಣ್ಣಗಾದ ಹಾಲು ಕೊಡಿ. ಉಳಿದ 18 ಸರದಿ ಮುಗಿದ ಮೇಲೆ ತಪ್ಪದೆ ಮತ್ತೊಂದು ಪತ್ರ ಬರೆಯಿರಿ.

ಸಂಪಾದಕ