ಲಾರಿಯ ಎಡಕ್ಕೆ ಮಾತ್ರ ಹೋಗಬೇಡಿ

ಲಂಡನ್ನಿಗೆ ಬಂದು ಎರಡು ವಾರ ಆಯ್ತು, ಕೆಲಸಕ್ಕೆ ಸೈಕಲ್ಲಲ್ಲೇ ಹೋಗಿಬರೋಣ ಅಂತಿದ್ದೀನಿ, ಹೆಲ್ಮೆಟ್ ಕಡ್ಡಾಯವಾ, ಯಾವ ಸೈಕಲ್ ತಗೊಳ್ಳಲಿ, ಈ ರಸ್ತೆಗಳಲ್ಲಿ ಭಯ ಇಲ್ವಾ ಅಂತ ಕೇಳಿದ್ದೀರಿ. ಹೆಲ್ಮೆಟ್ ಕಾನೂನಿನ ಪ್ರಕಾರ ಕಡ್ಡಾಯ ಅಲ್ಲ, ಆದರೂ ಹಾಕಿಕೊಳ್ಳಿ. ಸೈಕಲ್ ಯಾವುದಾದರೂ ಆದೀತು, ಬ್ರೇಕ್ ಚೆನ್ನಾಗಿರಲಿ, ಮಡ್‌ಗಾರ್ಡ್ ಇರಲಿ.

ಭಯದ ಮಾತು ಸ್ವಲ್ಪ ಉದ್ದ ಇದೆ.

ನಮ್ಮ ಕಡೆಯ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸಿದವರಿಗೆ ಒಂದು ವಿದ್ಯೆ ತಾನಾಗಿ ಬಂದಿರುತ್ತದೆ. ಸಿಗ್ನಲ್ಲಿನಲ್ಲಿ ಬಸ್ಸೋ ಲಾರಿಯೋ ನಿಂತಿದ್ದರೆ ಪಕ್ಕದ ಸಂದಿಯಲ್ಲಿ ನುಸುಳಿ ಮುಂದಕ್ಕೆ ಹೋಗಿ ನಿಲ್ಲುವುದು. ನಮ್ಮವರ ಆ ಚುರುಕು ನನಗೆ ಇವತ್ತಿಗೂ ಹೆಮ್ಮೆಯೇ. ಆದರೆ ಇಲ್ಲಿ ಪ್ರಾಣ ತೆಗೆಯುವುದು ಅದೇ ಸಂದಿ.

ನಾನು ಬಂದ ಹೊಸತರಲ್ಲಿ ಒಂದು ಸಂಜೆ ಸಿಗ್ನಲ್ಲಿನಲ್ಲಿ ಉದ್ದನೆಯ ಲಾರಿಯ ಹಿಂದೆ ನಿಂತಿದ್ದೆ. ಅದರ ಎಡಕ್ಕೆ ಸೈಕಲ್ ಆರಾಮಾಗಿ ಹೋಗುವಷ್ಟು ಜಾಗ ಇತ್ತು. ಪೆಡಲ್ ಮೇಲೆ ಕಾಲಿಡುವಷ್ಟರಲ್ಲಿ ಪಕ್ಕದಲ್ಲಿ ಸೈಕಲ್ ಹಿಡಿದು ನಿಂತಿದ್ದ ಹೆಂಗಸು ಕೈ ಅಡ್ಡ ಮಾಡಿ, ಹೋಗಬೇಡ, ಹಿಂದೆಯೇ ಇರು ಅಂದಳು. ಹಸಿರು ಬಿತ್ತು. ಲಾರಿ ಮೊದಲು ಬಲಕ್ಕೆ ವಾಲಿತು, ಸಂದಿ ಇನ್ನಷ್ಟು ಅಗಲವಾಯಿತು. ಆಮೇಲೆ ಮೂತಿ ಎಡಕ್ಕೆ ತಿರುಗಿತು. ಹಿಂದಿನ ಚಕ್ರಗಳು ಮೂಲೆಯನ್ನು ಕತ್ತರಿಸಿಕೊಂಡು ಬಂದು ಫುಟ್‌ಪಾತಿನ ಅಂಚಿನ ಕಲ್ಲಿಗೆ ಉಜ್ಜಿದವು. ಅಷ್ಟು ಜಾಗ ಹೇಗೆ ಮಾಯವಾಯಿತೋ! ಆಕೆಗೆ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಆಕೆ ಹೊರಟುಹೋಗಿದ್ದಳು. ಅದೊಂದು ಕೊರಗು ಹಾಗೇ ಉಳಿದಿದೆ.

ಸಿಗ್ನಲ್ಲುಗಳಲ್ಲಿ ಸೈಕಲ್ಲಿನವರಿಗೆಂದೇ ಮುಂದೆ ಒಂದು ಚೌಕ, ಅದಕ್ಕೆ ಹೋಗಲು ಎಡಗಡೆ ಸಣ್ಣ ಪಟ್ಟಿ ಬರೆದಿರುತ್ತಾರೆ. ಬರೆದಿದ್ದಾರೆ ಅಂತ ಹೋಗಲೇಬೇಕಿಲ್ಲ. ಮುಂದೆ ಲಾರಿ ಇದ್ದರೆ ಹಿಂದೆಯೇ ನಿಲ್ಲಿ. ತಿರುಗುವ ವಾಹನ ನೇರ ಹೋಗುವ ಸೈಕಲ್ಲಿಗೆ ದಾರಿ ಬಿಡಬೇಕು ಅಂತ 2022ರಲ್ಲಿ ಇಲ್ಲಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್‌ಗೆ ಸೇರಿಸಿದ್ದಾರೆ, ನಿಜ. ಆದರೆ ಡ್ರೈವರಿಗೆ ನೀವು ಕಾಣಬೇಕಲ್ಲ? ಇಲ್ಲಿ ಯಾರೂ ಹಾರ್ನ್ ಹೊಡೆದು ಎಚ್ಚರಿಸುವುದಿಲ್ಲ. ನಮಗೆ ಬೆನ್ನ ಹಿಂದೆ ಯಾರಿದ್ದಾರೆ ಅಂತ ಕಿವಿಯೇ ಹೇಳುತ್ತಿತ್ತು, ಇಲ್ಲಿ ಕತ್ತು ತಿರುಗಿಸಿ ನೋಡಲೇಬೇಕು.

ಫುಟ್‌ಪಾತಿಗೆ ಅಂಟಿಕೊಂಡು ಹೋಗಬೇಡಿ, ಅರ್ಧ ಮೀಟರಾದರೂ ಬಿಟ್ಟು ಓಡಿಸಿ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಇರಿ. ಫುಟ್‌ಪಾತಿನ ಮೇಲೆ ಓಡಿಸಿದರೆ ದಂಡ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗಿರುತ್ತಾನೆ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಇರಲೇಬೇಕು, ಅದು ಕಾನೂನು.

ಇನ್ನೊಂದು. ಬೆಳಿಗ್ಗೆ ಎಂಟಕ್ಕೆ ನೀವು ಹೊರಡುವಾಗ ಊರಲ್ಲಿ ಮಧ್ಯಾಹ್ನದ ಊಟದ ಹೊತ್ತು, ಅಮ್ಮನ ಫೋನ್ ಬರುತ್ತದೆ. ಎತ್ತದಿರಲು ಮನಸ್ಸಾಗುವುದಿಲ್ಲ, ಗೊತ್ತು. ಇಯರ್‌ಫೋನ್ ಹಾಕಿಕೊಂಡು ಸೈಕಲ್ ಹತ್ತಬೇಡಿ, ಆಫೀಸು ಮುಟ್ಟಿದ ಮೇಲೆ ನಾನೇ ಮಾಡ್ತೀನಿ ಅಂತ ಅಮ್ಮನಿಗೆ ಈಗಲೇ ಹೇಳಿಡಿ.

ನಿಮ್ಮ ಭಾಗದ ಸ್ಥಳೀಯ ಆಡಳಿತದಲ್ಲಿ (ಇಲ್ಲಿ ಅದಕ್ಕೆ borough council ಅಂತಾರೆ) ಸೈಕಲ್ ತರಬೇತಿ ಇದೆಯಾ ಕೇಳಿ, ಎಷ್ಟೋ ಕಡೆ ಪುಕ್ಕಟೆ ಕೊಡುತ್ತಾರೆ. ಮನೆ ಯಾವ ಕಡೆ, ಆಫೀಸು ಯಾವ ಕಡೆ ಅಂತ ತಿಳಿಸಿದರೆ ಲಾರಿ ಕಡಿಮೆ ಇರುವ ದಾರಿ ನನಗೆ ಗೊತ್ತಿದ್ದಷ್ಟು ಹೇಳ್ತೀನಿ.