ಬಾಟಲಿ ಬಟ್ಟೆ ಬ್ಯಾಗೂ ನಮ್ಮ ಮಳೆಗಾಲವೂ

ಅಕ್ಕಾ, ರಿಪ್ಪನ್‌ಪೇಟೆಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಲ್ಲಿ ಓಡಾಡ್ತೀನಿ, ಹಳೇ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಬ್ಯಾಕ್‌ಪ್ಯಾಕ್ ಕೊಳ್ಳಲಾ, ಗೊಬ್ಬರದ ಚೀಲದಲ್ಲಿ ನಾನೇ ಹೊಲಿಯಲಾ ಅಂತ ಕೇಳಿದೀರಿ. ಎರಡರಲ್ಲೂ ಕೈ ಸುಟ್ಟುಕೊಂಡವಳು ನಾನು, ಸ್ವಲ್ಪ ಉದ್ದಕ್ಕೇ ಬರೀತೀನಿ.

ಬಾಟಲಿ ಬಟ್ಟೆಗೆ ಹೆದರಬೇಡಿ. ಬಾಟಲಿ ತೊಳೆದು, ಚೂರು ಮಾಡಿ, ಕರಗಿಸಿ ನೂಲು ತೆಗೆದ್ರೆ ಬರೋದು ಪಾಲಿಯೆಸ್ಟರೇ. ನೂಲು ನೀರು ಕುಡಿಯಲ್ಲ, ಆದ್ರೆ ನೇಯ್ಗೆ ಸಂದೀಲಿ ನೀರು ಇಳಿಯುತ್ತೆ. ಅದನ್ನ ತಡೆಯೋದು ಒಳಮೈಗೆ ಬಳಿದ ಲೇಪ. ನಮ್ಮ ಕಡೆ ಮೊದಲು ಕೈಕೊಡೋದೂ ಅದೇ. ಹೆಚ್ಚಾಗಿ ಬಳಿಯೋ ಪಿಯು (ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್) ಲೇಪ ತೇವಕ್ಕೆ ನಿಧಾನವಾಗಿ ಕೆಡುತ್ತೆ. ನನ್ನದೊಂದು ಬ್ಯಾಗು ಮೂರನೇ ಮಳೆಗಾಲಕ್ಕೆ ಒಳಗೆಲ್ಲ ಹಲಸಿನ ಮೇಣ ಸವರಿದ ಹಾಗಾಗಿ, ಟಿಫಿನ್ ಬಾಕ್ಸಿಗೆ ಪೊರೆ ಮೆತ್ತಿಕೊಂಡು ಬರ್ತಿತ್ತು. ತೇವದಲ್ಲೇ ಮಡಚಿ ಅಟ್ಟಕ್ಕೆ ಹಾಕಿದ್ದು ನನ್ನದೇ ತಪ್ಪು.

ಚೀಟಿ ಓದಿ. ಬರೀ ‘ರೀಸೈಕಲ್ಡ್’ ಅಂದ್ರೆ ಸಾಲದು. ಶೇಕಡಾ ಎಷ್ಟು, ಹೊರಬಟ್ಟೆ ಮಾತ್ರವಾ, ಲೈನಿಂಗೂ ಸೇರಿಯಾ ನೋಡಿ. ಜಿಆರ್‌ಎಸ್ (ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್, ಮರುಬಳಕೆ ಮಾಲಿಗೆ ಕೊಡೋ ಪ್ರಮಾಣಪತ್ರ) ಗುರುತಿದ್ರೆ ಕನಿಷ್ಠ ಶೇ. 50 ಮರುಬಳಕೆಯದು ಇರಲೇಬೇಕು. ಹಾಕ್ಕೊಂಡು ನೋಡಿ, ತಳ ಸೊಂಟಕ್ಕಿಂತ ಕೆಳಗೆ ಜೋತುಬಿದ್ರೆ ಬೇಡ. ಬೆನ್ನಿಗೆ ತಾಗೋ ಕಡೆ ಒಂದು ಜಿಪ್ ಜೇಬು ಇರಲಿ, ಬಸ್ಸಿನ ನೂಕುನುಗ್ಗಲಲ್ಲಿ ದುಡ್ಡು ಅಲ್ಲೇ ಭದ್ರ.

ಇನ್ನು ಹೊಲಿಯೋ ವಿಷಯ. ಯೂರಿಯಾ ಚೀಲ ಗಟ್ಟಿ, ಆದ್ರೆ ಬಿಸಿಲಿಗೆ ಸಾಯುತ್ತೆ. ನಾನು ಮೊದಲು ಹೊಲಿದದ್ದು ಸೌದೆ ರಾಶಿಗೆ ಹೊದಿಸಿದ್ದ ಚೀಲದಿಂದ. ಮಾರಾಯ್ತಿ, ಬಸ್ ಸ್ಟ್ಯಾಂಡಲ್ಲಿ ತಳ ಕಿತ್ತು ಮೊಸರನ್ನದ ಡಬ್ಬಿ ಕಂಡಕ್ಟರ್ ಕಾಲಡಿಗೆ ಉರುಳಿತು! ಉಗುರಲ್ಲಿ ಗೀರಿದ್ರೆ ಪುಡಿ ಉದುರೋ ಚೀಲ ಮುಟ್ಟಲೇಬೇಡಿ. ಚೆನ್ನಾಗಿರೋದನ್ನ ಎರಡು ಮೂರು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗಿಡಕ್ಕೆ ಹೊಡೆಯೋ ಔಷಧಿ ಬಂದ ಚೀಲ ಮಾತ್ರ ಬೇಡವೇ ಬೇಡ. ಇಸ್ತ್ರಿಯನ್ನ ನೇರ ಇಡಬೇಡಿ, ಕರಗುತ್ತೆ.

ಲೈನಿಂಗಿಗೆ ದುಡ್ಡು ಕೊಡಬೇಡಿ. ಮಲೆನಾಡಲ್ಲಿ ಮುರಿದ ಕೊಡೆ ಇಲ್ಲದ ಮನೆ ಯಾವುದು? ಕಡ್ಡಿ ಕಳಚಿ, ಹೊಲಿಗೆ ಬಿಚ್ಚಿದ್ರೆ ಎಂಟು ತ್ರಿಕೋನ ಸಿಗುತ್ತೆ. ಒಂದು ನೆಟ್ಟಗೆ, ಒಂದು ತಲೆಕೆಳಗೆ ಇಟ್ಟು ಜೋಡಿಸಿದ್ರೆ ಉದ್ದನೆ ಪಟ್ಟಿ ಆಗುತ್ತೆ. ಕಪ್ಪು ಕೊಡೆಯೇ ಆಗಲಿ, ಬೆಳ್ಳಿ ಬಣ್ಣದ್ದು ಹಳತಾದ್ರೆ ಪುಡಿ ಉದುರಿಸುತ್ತೆ.

ದಾರ ಪಾಲಿಯೆಸ್ಟರ್ ಇರಲಿ, ಹತ್ತಿ ದಾರ ತೇವಕ್ಕೆ ಲಡ್ಡಾಗುತ್ತೆ. 18 ನಂಬರ್ ಸೂಜಿ, ಹೊಲಿಗೆ ಉದ್ದ. ತುಂಬ ಹತ್ತಿರ ಹೊಲಿದ್ರೆ ಚೀಲ ತೂತಿನ ಸಾಲಿಗೇ ಹರಿಯುತ್ತೆ. ಭುಜದ ಪಟ್ಟಿ ಸೇರೋ ಕಡೆ ಒಳಗೊಂದು ತುಂಡು ಕೊಟ್ಟು, ಚೌಕ ಹೊಲಿದು, ಮಧ್ಯೆ ಗುಣಾಕಾರದ ಗುರುತು ಹಾಕಿ. ಜಿಪ್ ನೈಲಾನಿನದು, ಮೇಲೊಂದು ಮಡಿಕೆ. ಪಕ್ಕದಲ್ಲಿ ಒದ್ದೆ ಕೊಡೆಗೆ ಜೇಬು ಮಾಡಿ, ಅದರ ತಳಕ್ಕೊಂದು ಐಲೆಟ್ (ತೂತಿಗೆ ಹಾಕೋ ಲೋಹದ ಬಳೆ) ಹೊಡೆಸಿ, ನೀರು ಇಳಿದುಹೋಗಲಿ.

ಜೀನ್ಸ್ ಪ್ಯಾಂಟಲ್ಲಿ ಹೊಲಿ ಅಂದೋರಿಗೆ: ಬೇಸಿಗೆಗೆ ಚೆಂದ. ಆಷಾಢದಲ್ಲಿ ನೆಂದ್ರೆ ವಾರವಾದ್ರೂ ಒಣಗಲ್ಲ, ಬೂಷ್ಟು ಹಿಡಿಯುತ್ತೆ.

ಮನೆಗೆ ಬಂದ ಕೂಡಲೇ ಬ್ಯಾಗು ಖಾಲಿ ಮಾಡಿ, ಜಿಪ್ ತೆರೆದು ಬೋರಲು ನೇತುಹಾಕಿ. ಹಂಡೆ ಒಲೆ ಹತ್ರ ಅಲ್ಲ, ಗಾಳಿಯಾಡೋ ಜಗಲೀಲಿ. ಕೊಡೆ ಬಟ್ಟೆ ಜೋಡಿಸಿದ್ದರ ಫೋಟೋ ನಾಳೆ ಹಾಕ್ತೀನಿ, ಕರೆಂಟಿದ್ರೆ.