ಏಟು ಬೀಳುವವರೆಗೆ ಕಾಯಬೇಕೆ?

ಆತ್ಮರಕ್ಷಣೆಯ ಕಲೆಗಳ ಬಗ್ಗೆ ಮುಂಬಯಿ ಮತ್ತು ಪುಣೆಯ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು: ರಕ್ಷಣೆ ಎಂದರೆ ತಡೆಯುವುದು ಮಾತ್ರ, ಅದರಲ್ಲಿ ದಾಳಿಗೆ ಜಾಗವಿಲ್ಲ ಎಂಬುದು. ಹೇಗೆ ನಿಲ್ಲಬೇಕು, ಮುಷ್ಟಿ ಹೇಗೆ ಕಟ್ಟಬೇಕು ಎಂಬುದನ್ನು ನಿಮ್ಮ ಶಿಕ್ಷಕರೇ ಹೇಳಿಕೊಡುತ್ತಾರಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ಪ್ರಶ್ನೆಗೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಅದಕ್ಕೆ ತಪ್ಪು ಉತ್ತರ ಕೊಡುವ ಶಿಕ್ಷಕರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ.

ಪ್ರಶ್ನೆ: ನನ್ನ ಮಗಳು ರಾತ್ರಿ ಲೋಕಲ್‌ನಲ್ಲಿ ಮನೆಗೆ ಬರುತ್ತಾಳೆ. ಎರಡು ವರ್ಷದಿಂದ ಕರಾಟೆ ಕಲಿಯುತ್ತಿದ್ದಾಳೆ. ಮೊದಲು ಕೈ ಎತ್ತಬಾರದು, ಎದುರಾಳಿ ಹೊಡೆದ ಮೇಲೆಯೇ ತಡೆದು ತಿರುಗಿ ಹೊಡೆಯಬೇಕು ಎಂದು ಅವಳ ಸರ್ ಹೇಳುತ್ತಾರೆ. ಹಾಗಾದರೆ ಏಟು ಬೀಳುವವರೆಗೆ ಅವಳು ಕಾಯಬೇಕೆ? (ಡೊಂಬಿವಲಿಯ ತಾಯಿಯೊಬ್ಬರು)

ಉತ್ತರ: ಕಾಯಬಾರದಮ್ಮ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಕೇಳಿದವರ ಮೇಲಲ್ಲ, ಹಾಗೆ ಕಲಿಸಿದವರ ಮೇಲೆ ಸಿಟ್ಟು ಬರುತ್ತದೆ.

ಜಪಾನಿನ ಓಕಿನಾವಾ ದ್ವೀಪದ ಕರಾಟೆಯನ್ನು 1922ರಲ್ಲಿ ಟೋಕಿಯೋದಲ್ಲಿ ಪರಿಚಯಿಸಿದ ಗಿಚಿನ್ ಫುನಾಕೋಶಿ ಅವರ 20 ಸೂತ್ರಗಳಲ್ಲಿ, ಕರಾಟೆಯಲ್ಲಿ ಮೊದಲ ಏಟು ಇಲ್ಲ ಎಂಬುದೂ ಒಂದು. ಅದು ಕಲಿತವನ ನಡತೆಗೆ ಹಾಕಿದ ಕಟ್ಟು: ಜಗಳ ಹುಡುಕಿಕೊಂಡು ಹೋಗಬೇಡ, ಕಲಿತದ್ದನ್ನು ಮೆರೆಸಲು ಕೈ ಮಾಡಬೇಡ ಎಂಬುದು ಅದರ ತಾತ್ಪರ್ಯ. ಅಪಾಯ ಎದುರಿಗೆ ನಿಂತಾಗಲೂ ಮುಖಕ್ಕೆ ಗುದ್ದು ಬೀಳುವ ತನಕ ಸುಮ್ಮನಿರು ಎಂದು ಅದಕ್ಕೆ ಅರ್ಥ ಹಚ್ಚುವುದು ಆ ಹಿರಿಯರಿಗೆ ಮಾಡುವ ಅನ್ಯಾಯ. ಅದೇ ಓಕಿನಾವಾದ, ಬೀದಿ ಹೊಡೆದಾಟಗಳಿಗೆ ಹೆಸರಾಗಿದ್ದ ಚೋಕಿ ಮೊಟೊಬು, ಮೊದಲ ನಡೆಯನ್ನು ತನ್ನದಾಗಿಸಿಕೊಳ್ಳಬೇಕೆಂಬ ನಿಲುವಿನವರೆಂದೇ ಕರಾಟೆ ವಲಯದಲ್ಲಿ ಪ್ರಸಿದ್ಧರು. ಇಬ್ಬರ ಮಾತಿನಲ್ಲಿಯೂ ನನಗೆ ವಿರೋಧ ಕಾಣುವುದಿಲ್ಲ, ಏಕೆಂದರೆ ಒಬ್ಬರು ಜಗಳಕ್ಕೆ ಮುಂಚಿನ ಮನಸ್ಸಿನ ಬಗ್ಗೆ ಹೇಳಿದರೆ ಇನ್ನೊಬ್ಬರು ಜಗಳ ತಪ್ಪದು ಎಂದಾದ ಮೇಲಿನ ಕೈಯ ಬಗ್ಗೆ ಹೇಳುತ್ತಾರೆ.

ಕಾಯುವುದರಿಂದ ಏಕೆ ಸೋಲುತ್ತೇವೆ ಎಂಬುದಕ್ಕೆ ಕಾರಣ ದೇಹದಲ್ಲಿಯೇ ಇದೆ. ಕಣ್ಣಿಗೆ ಕಂಡ ಒಂದೇ ಸಂಕೇತಕ್ಕೆ ಕೈ ಅಲುಗಬೇಕಾದರೂ ಆರೋಗ್ಯವಂತರಿಗೆ ಸುಮಾರು ಕಾಲು ಸೆಕೆಂಡು ಬೇಕು; ಏಟು ಎಡದಿಂದಲೋ ಬಲದಿಂದಲೋ, ಇದಕ್ಕೆ ಯಾವ ತಡೆ ಎಂದು ಆರಿಸಬೇಕಾದರೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆಯ್ಕೆಗಳು ಹೆಚ್ಚಿದಂತೆ ಪ್ರತಿಕ್ರಿಯೆ ತಡವಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ವಿಲಿಯಂ ಹಿಕ್ 1952ರಲ್ಲಿಯೇ ತೋರಿಸಿದ್ದಾರೆ. ತೋಳಿನಳತೆಯಲ್ಲಿ ನಿಂತವನ ಏಟಿಗೆ ಅಷ್ಟು ಸಮಯವೇ ಬೇಕಾಗುವುದಿಲ್ಲ. ತರಗತಿಯಲ್ಲಿ ತಡೆಗಳು ಫಲಿಸುವುದು, ಯಾವ ಏಟು, ಎಷ್ಟು ದೂರದಿಂದ, ಯಾವಾಗ ಬರುತ್ತದೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುವುದರಿಂದ. ಸ್ಟೇಷನ್ನಿನ ಬ್ರಿಜ್ ಮೇಲೆ ಯಾರೂ ಅದನ್ನು ಹೇಳಿ ಹೊಡೆಯುವುದಿಲ್ಲ.

ಮೊದಲ ಏಟನ್ನು ತಡೆದರೂ ಹೊಡೆಯುವವನ ಮನಸ್ಸು ಬದಲಾಗುವುದಿಲ್ಲ. ಕೊಡೆ ಹಿಡಿದ ಮಾತ್ರಕ್ಕೆ ಮಳೆ ನಿಲ್ಲದು. ಆದ್ದರಿಂದಲೇ ಕರಾಟೆಯ ಶೋಟೋಕಾನ್ ಪದ್ಧತಿಯಲ್ಲಿ ಹೊಸಬರಿಗೆ ಕಲಿಸುವ ಹೈಯಾನ್ ಶೊದಾನ್ ಎಂಬ ಕಾತಾದಲ್ಲಿ, ಅಂದರೆ ಗೊತ್ತುಪಡಿಸಿದ ಚಲನೆಗಳ ಸರಣಿಯಲ್ಲಿ, ಎಡಗೈ ಕೆಳಕ್ಕೆ ಬೀಸಿ ತಡೆದ ಕೂಡಲೇ ಮುಂದಿನ ಚಲನೆ ಹಿಂದೆ ಸರಿಯುವುದಲ್ಲ, ಒಂದು ಹೆಜ್ಜೆ ಮುಂದಿಟ್ಟು ಗುದ್ದುವುದು. ದಕ್ಷಿಣ ಚೀನಾದ ವಿಂಗ್ ಚುನ್ ಎಂಬ ಕಲೆ ಇನ್ನೂ ಮುಂದೆ ಹೋಗಿ, ಒಂದು ಕೈ ತಡೆಯುತ್ತಿರುವಾಗಲೇ ಇನ್ನೊಂದು ಕೈ ಹೊಡೆಯಬೇಕೆನ್ನುತ್ತದೆ. ನನ್ನ ದೃಷ್ಟಿಯಲ್ಲಿ ರಕ್ಷಣೆ ಎಂಬುದು ಉದ್ದೇಶ. ಯಾವಾಗ ಆರಂಭಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಆ ಎರಡರ ನಡುವಿನ ಕೆಲವು ಕ್ಷಣಗಳಲ್ಲಿ ಮಾತ್ರ ದಾಳಿಯೇ ನಡೆಯಬೇಕು, ಅದೂ ಅರೆಮನಸ್ಸಿನಿಂದಲ್ಲ.

ನಿಮ್ಮ ಮಗಳು ಮಾಡಬೇಕಾದದ್ದು ಇಷ್ಟು. ಅಪರಿಚಿತನು ಹತ್ತಿರ ಬಂದಾಗ ಅಂಗೈಗಳನ್ನು ತೆರೆದು ಎದೆಯ ಮಟ್ಟಕ್ಕೆ ಎತ್ತಲಿ. ನೋಡುವವರಿಗೆ ಅದು ಬೇಡ ಎನ್ನುವ ಸನ್ನೆ, ಅವಳಿಗೆ ಅದು ಸಿದ್ಧತೆ. ಕೂಗುವಾಗ ಸುತ್ತಲಿನವರಿಗೆ ಅರ್ಥವಾಗುವಂತೆ ಮರಾಠಿಯಲ್ಲಿ 'ಲಾಂಬ್ ರಾಹಾ, ಹಾತ್ ಲಾವೂ ನಕೋ' (ದೂರ ನಿಲ್ಲು, ಕೈ ಹಚ್ಚಬೇಡ) ಎಂದು ಕೂಗಲಿ. ಅಷ್ಟಾದರೂ ಅವನು ಮುನ್ನುಗ್ಗಿ ದಾರಿ ಕಟ್ಟಿದರೆ ಅಂಗೈಯ ಬುಡದಿಂದ ಮೂಗು ಅಥವಾ ಗದ್ದಕ್ಕೆ ಹೊಡೆದು, ದಾರಿ ತೆರೆಯುವವರೆಗೆ ಬಿಡದೆ ಹೊಡೆದು, ತೆರೆದ ಕೂಡಲೇ ಜನರಿರುವ ಕಡೆಗೆ ಓಡಲಿ. ಮುಷ್ಟಿಯಿಂದ ತಲೆಗೆ ಗುದ್ದಿದರೆ ಕಿರುಬೆರಳಿನ ಬುಡದ ಮೂಳೆ ಮುರಿಯುವುದು ಸಾಮಾನ್ಯ, ಆದ್ದರಿಂದ ಅಂಗೈ. ರೈಲಿನಲ್ಲಾದರೆ 139ಕ್ಕೆ, ಹೊರಗಾದರೆ 112ಕ್ಕೆ ಫೋನ್ ಮಾಡಲಿ.

ಕಾನೂನಿನ ಹೆದರಿಕೆ ಹುಟ್ಟಿಸುವವರಿಗೂ ಒಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕಿನ ಕುರಿತಾಗಿವೆ. 40ನೆಯ ಕಲಮಿನ ಪ್ರಕಾರ, ಅಪರಾಧ ಇನ್ನೂ ನಡೆಯದಿದ್ದರೂ, ಅದರ ಯತ್ನದಿಂದಲೋ ಬೆದರಿಕೆಯಿಂದಲೋ ದೇಹಕ್ಕೆ ಅಪಾಯವಿದೆ ಎಂಬ ಸಕಾರಣವಾದ ಭೀತಿ ಹುಟ್ಟಿದ ಕ್ಷಣದಿಂದಲೇ ಆ ಹಕ್ಕು ಆರಂಭವಾಗಿ, ಆ ಭೀತಿ ಇರುವವರೆಗೆ ಮುಂದುವರಿಯುತ್ತದೆ. 37ನೆಯ ಕಲಮು, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎನ್ನುತ್ತದೆ. ಬಿದ್ದವನನ್ನು ಒದೆಯುವುದು, ಓಡಿಹೋಗುವವನನ್ನು ಅಟ್ಟಿಕೊಂಡು ಹೋಗಿ ಹೊಡೆಯುವುದು ರಕ್ಷಣೆಯಲ್ಲ. ಹೊಡೆಯಲು ಅಂಜುವ ಶಿಷ್ಯರಿಗಿಂತ ನಿಲ್ಲಿಸಲು ಬಾರದ ಶಿಷ್ಯರ ಬಗ್ಗೆ ನನಗೆ ಹೆಚ್ಚು ಭಯ. ಅಂಥವರನ್ನು ನಾನು ಮುಂದಿನ ಪಾಠಕ್ಕೆ ಬಿಡುವುದೇ ಇಲ್ಲ.

ಪ್ರಶ್ನೆ: ಮರ್ಮಸ್ಥಾನವನ್ನು ಬೆರಳಿನಿಂದ ಮುಟ್ಟಿ ಎದುರಾಳಿಯನ್ನು ಬೀಳಿಸುವ ವಿದ್ಯೆ ನಿಜವೇ? (ನೆರೂಲ್)

ಉತ್ತರ: ಸುಳ್ಳು, ಆ ಗುರುಗಳ ಸ್ವಂತ ಶಿಷ್ಯರ ಹೊರತು ಬೇರೆ ಯಾರೂ ಹಾಗೆ ಬೀಳುವುದಿಲ್ಲ.

ಪ್ರಶ್ನೆ: ಒಂದು ದಿನದ ಶಿಬಿರದಲ್ಲಿ ಚಾಕು ಕಸಿದುಕೊಳ್ಳುವುದನ್ನು ಕಲಿಸುತ್ತಾರೆ. ಮಗನನ್ನು ಸೇರಿಸಲೇ? (ಘಾಟ್ಕೋಪರ್)

ಉತ್ತರ: ಸೇರಿಸಬೇಡಿ, ಆ ಹಣವನ್ನು ಉಳಿಸಿಕೊಳ್ಳಿ. ನಿಧಾನವಾಗಿ ಚಾಚಿದ, ಚಾಚಿದಲ್ಲಿಯೇ ನಿಂತ ರಬ್ಬರ್ ಚಾಕುವನ್ನು ಯಾರು ಬೇಕಾದರೂ ಕಸಿದುಕೊಳ್ಳಬಹುದು. ನಿಜವಾದ ಚಾಕು ಚುಚ್ಚಿ, ಹಿಂದಕ್ಕೆ ಹೋಗಿ, ಮತ್ತೆ ಚುಚ್ಚುತ್ತದೆ. ಫೋನು, ಪಾಕೀಟು ಕೇಳಿದರೆ ಕೊಟ್ಟುಬಿಡಬೇಕು, ಓಡಲು ಆದರೆ ಓಡಬೇಕು, ಆಗದಿದ್ದರೆ ಬ್ಯಾಗನ್ನು ಅಡ್ಡ ಹಿಡಿಯಬೇಕು. ಬರಿಗೈ ಕೊನೆಯ ಉಪಾಯ. ಇದನ್ನು ಬಿಟ್ಟು ಬೇರೆ ಹೇಳುವವರು ನಿಮ್ಮ ಮಗನ ಪ್ರಾಣದ ಮೇಲೆ ವ್ಯಾಪಾರ ಮಾಡುತ್ತಿದ್ದಾರೆ.

ಪ್ರಶ್ನೆ: ಯಾವ ಕಲೆ ಎಲ್ಲಕ್ಕಿಂತ ಶ್ರೇಷ್ಠ? (ಪುಣೆ)

ಉತ್ತರ: ಜೊತೆಗಾರನು ನಿಜವಾಗಿ ಎದುರಿಸಿ ಆಡಲು ಬಿಡುವ ತರಗತಿ ಯಾವುದೋ ಅಲ್ಲಿಗೆ ಹೋಗಿ.

ಪ್ರಶ್ನೆ: ನನಗೆ 60 ವರ್ಷ. ದಾಳಿಯೇ ಇಲ್ಲದ ಐಕಿಡೋ ನನಗೆ ಸರಿಹೋದೀತೆ? (ಮುಲುಂಡ್)

ಉತ್ತರ: ಐಕಿಡೋದಲ್ಲಿ ದಾಳಿ ಇಲ್ಲ ಎಂಬುದು ತಪ್ಪು, ಎದುರಾಳಿಯ ಸಮತೋಲ ಕೆಡಿಸಲು ಅತೆಮಿ ಎಂಬ ಏಟುಗಳು ಅದರಲ್ಲಿವೆ. ಆದರೂ ಸೇರಿ, ಏಕೆಂದರೆ ಜೂಡೋದಂತೆ ಅಲ್ಲಿಯೂ ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಾರೆ, ಮಳೆಗಾಲದ ಪ್ಲಾಟ್‌ಫಾರ್ಮಿನಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಗದ್ದವನ್ನು ಎದೆಗೆ ಒತ್ತಿಕೊಂಡು, ಕೈ ಊರದೆ ಬೀಳುವುದನ್ನು ದಪ್ಪ ಚಾಪೆಯ ಮೇಲೆ, ಕುಳಿತ ಭಂಗಿಯಿಂದ ಆರಂಭಿಸಿ. ಮೂಳೆ ಸವೆತ ಇದ್ದರೆ ವೈದ್ಯರ ಒಪ್ಪಿಗೆಯಿಲ್ಲದೆ ಚಾಪೆಗೆ ಕಾಲಿಡಬೇಡಿ.